ಒಂದು ಕಿವಿ ಮಾತ್ರ ಕೈಕೊಟ್ಟಾಗ

ಕೋಲಾರದ ಚಿನ್ನದ ಗಣಿಗಳಿಗೆ ಬೀಗ ಬಿದ್ದದ್ದು 2001ರ ಫೆಬ್ರವರಿ 28ರಂದು. ಅಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಒತ್ತಿದ ಗಾಳಿಯಿಂದ ಓಡುವ ಡ್ರಿಲ್ಲನ್ನು ಬಂಡೆಗೆ ಆನಿಸಿ ಹಿಡಿಯುತ್ತಿದ್ದವರಿಗೆ ಈಗ ವಯಸ್ಸಾಗಿದೆ. ಅವರೊಡನೆ ಮಾತಾಡಲು ದನಿ ಏರಿಸಬೇಕು ಎಂದರೆ ಆ ಸೀಮೆಯಲ್ಲಿ ಯಾರಿಗೂ ಆಶ್ಚರ್ಯವಾಗದು. ಅಂಥ ಡ್ರಿಲ್ಲಿನ ಪಕ್ಕ ನಿಂತವರ ಕಿವಿಗೆ ಬೀಳುವ ಸದ್ದು 110 ಡೆಸಿಬೆಲ್ ಮುಟ್ಟುತ್ತದೆ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1975ರ ಸುತ್ತೋಲೆಯಲ್ಲಿ 85 ಡೆಸಿಬೆಲ್‌ಗೆ ಎಚ್ಚರಿಕೆಯ ಗೆರೆಯನ್ನೂ 90ಕ್ಕೆ ಅಪಾಯದ ಗೆರೆಯನ್ನೂ ಎಳೆದಿತ್ತು. 90ಕ್ಕೂ 110ಕ್ಕೂ ಇಪ್ಪತ್ತರ ಅಂತರವಷ್ಟೇ ತಾನೇ ಎನ್ನುವಂತಿಲ್ಲ. ಡೆಸಿಬೆಲ್ ಲೆಕ್ಕದಲ್ಲಿ ಪ್ರತಿ ಹತ್ತಕ್ಕೂ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ. ಇಪ್ಪತ್ತು ಏರಿತೆಂದರೆ ನೂರು ಪಟ್ಟು.

ಇಂಥ ಸದ್ದು ಕೆಡಿಸುವುದು ಒಳಕಿವಿಯ ಕಾಕ್ಲಿಯಾದಲ್ಲಿರುವ ಕೂದಲುಕೋಶಗಳನ್ನು. ಒಂದೊಂದು ಕಿವಿಯಲ್ಲಿ ಅವು ಇರುವುದು ಸುಮಾರು 15,000. ಸತ್ತರೆ ಮತ್ತೆ ಹುಟ್ಟುವುದಿಲ್ಲ. 4,000 ಹರ್ಟ್ಸ್ ಆಸುಪಾಸಿನ ಕೀಚು ದನಿಯನ್ನು ಹಿಡಿಯುವ ಕೋಶಗಳು ಮೊದಲು ಹೋಗುತ್ತವೆ. ಸ, ಶ, ಚ, ತ ಇಂಥ ವ್ಯಂಜನಗಳ ಗುರುತು ಬಹುಮಟ್ಟಿಗೆ ಆ ಮೇಲಿನ ಸ್ತರದ ದನಿಗಳಲ್ಲೇ ಇರುವುದರಿಂದ, ಗಣಿಯಲ್ಲಿ ದುಡಿದ ತಾತನಿಗೆ ಮೊಮ್ಮಗ ಮಾತಾಡುತ್ತಿರುವುದು ಕೇಳುತ್ತದೆ, ಏನು ಹೇಳಿದ ಎನ್ನುವುದು ತಿಳಿಯುವುದಿಲ್ಲ. ಈ ಕಿವುಡಿಗೆ ಎರಡು ಗುಣಗಳಿವೆ. ಅದು ವರ್ಷಗಟ್ಟಲೆ ಸಮಯ ತೆಗೆದುಕೊಂಡು ಬರುತ್ತದೆ. ಬಂದರೆ ಹೆಚ್ಚುಕಡಿಮೆ ಎರಡೂ ಕಿವಿಗೆ ಸಮನಾಗಿ ಬರುತ್ತದೆ. ವಯಸ್ಸಿನಿಂದ ಬರುವ ಕಿವುಡೂ ಹೀಗೆಯೇ.

ಈ ಅಧ್ಯಾಯ ಈ ಎರಡೂ ಗುಣ ಇಲ್ಲದ ಕಿವುಡಿನ ಬಗ್ಗೆ. ಒಂದೇ ಕಿವಿಗೆ ಬಂದದ್ದು, ಅದೂ ಏಕಾಏಕಿ ಬಂದದ್ದು. ಕಿವಿಯ ಬಳಿಯೇ ಸಿಡಿಮದ್ದು ಸಿಡಿದರೆ ಹಾಗಾಗಬಹುದು, ಆದರೆ ಅಂಥ ಕಾರಣ ಕಣ್ಣೆದುರಿಗೇ ಇರುತ್ತದೆ. ಕಣ್ಣೆದುರು ಯಾವ ಕಾರಣವೂ ಇಲ್ಲದೆ ಒಂದು ಕಿವಿ ಕೈಕೊಟ್ಟರೆ ‘ವಯಸ್ಸಾಯಿತು’, ‘ಗಣಿಯಲ್ಲಿ ದುಡಿದ ಕಿವಿ’ ಎಂಬ ಉತ್ತರ ಸಾಲದು. ಕಿವುಡನ್ನು ಕಂಡು ಕಂಡು ಒಗ್ಗಿಹೋದ ಊರುಗಳಲ್ಲೇ ಈ ಉತ್ತರ ಬೇಗ ಬಾಯಿಗೆ ಬರುವುದು.

ಎಣ್ಣೆ ತಲುಪದ ಜಾಗ

ಕಾಮಸಮುದ್ರದಿಂದ ರೈಲು ಹಿಡಿದು ಬೆಂಗಳೂರಿನ ಕಡೆ ಕೆಲಸಕ್ಕೆ ಹೋಗುವ, ನಲವತ್ತೈದರ ಪ್ರಾಯದ ಒಬ್ಬ ಹೆಂಗಸನ್ನು ಕಲ್ಪಿಸಿಕೊಳ್ಳೋಣ. ಬೆಳಿಗ್ಗೆ ಎದ್ದು ಎಂದಿನಂತೆ ಎಡಗಿವಿಗೆ ಫೋನ್ ಇಟ್ಟುಕೊಳ್ಳುತ್ತಾರೆ. ಆ ಕಡೆಯ ಮಾತು ಗೊರಗೊರ ಎನ್ನುತ್ತದೆ. ನೆಟ್‌ವರ್ಕ್ ಸರಿಯಿಲ್ಲವೆಂದು ಕಟ್ ಮಾಡುತ್ತಾರೆ. ಸಂಜೆ ರೈಲಿನ ನೂಕುನುಗ್ಗಲಲ್ಲಿ ಬಲಗಿವಿಗೆ ಹಿಡಿದಾಗ ಮಾತು ಸ್ಪಷ್ಟ. ಕೆಟ್ಟಿರುವುದು ಫೋನಲ್ಲ, ಎಡಗಿವಿ ಎಂದು ಆಗ ಗೊತ್ತಾಗುತ್ತದೆ. ಕಿವಿ ತುಂಬಿಕೊಂಡಂತಿದೆ, ಒಳಗೆ ‘ಗುಂಯ್’ ಎಂಬ ಮೊರೆತ. ಪಕ್ಕದ ಮನೆಯಾಕೆ, “ಗಾಳಿ ಹೊಕ್ಕಿರ್ತದೆ ಅಕ್ಕಾ, ಬೆಳ್ಳುಳ್ಳಿ ಹಾಕಿ ಎಣ್ಣೆ ಕಾಸಿ ಬಿಡಿ” ಎನ್ನುತ್ತಾರೆ. ಮೆಡಿಕಲ್ ಶಾಪಿನವರು ಡ್ರಾಪ್ಸ್ ಕೊಡುತ್ತಾರೆ. ನೆಗಡಿ ಇರಬೇಕು ಎಂದುಕೊಂಡು ಒಂದು ವಾರ, ನೀರು ಹೋಗಿರಬೇಕು ಎಂದುಕೊಂಡು ಇನ್ನೊಂದು ವಾರ ಕಳೆಯುತ್ತದೆ.

ಎಣ್ಣೆಯಾಗಲಿ ಡ್ರಾಪ್ಸ್ ಆಗಲಿ ಕಿವಿಯ ತಮಟೆಯಲ್ಲಿಗೆ ನಿಂತುಬಿಡುತ್ತವೆ. ಈಚೆ ಗುಗ್ಗೆ ಕಟ್ಟಿದ್ದರೆ ಅವುಗಳಿಂದ ಉಪಯೋಗ ಉಂಟು. ಆದರೆ ತೊಂದರೆ ಇರುವುದು ತಮಟೆಯ ಆಚೆ, ಕಾಕ್ಲಿಯಾದಲ್ಲೋ ಅಲ್ಲಿಂದ ಮಿದುಳಿಗೆ ಹೋಗುವ ನರದಲ್ಲೋ ಆಗಿದ್ದರೆ ಎಷ್ಟು ಎಣ್ಣೆ ಬಿಟ್ಟರೂ ಅದು ಅಲ್ಲಿಗೆ ತಲುಪುವುದಿಲ್ಲ.

ಹಾಗಾದರೆ ತೊಂದರೆ ಈಚೆಯದೋ ಆಚೆಯದೋ ತಿಳಿಯುವುದು ಹೇಗೆ? ಯಾವ ಯಂತ್ರವೂ ಬೇಡದ ಒಂದು ಪರೀಕ್ಷೆಯನ್ನು ಈಗಲೇ ಮಾಡಿ ನೋಡಬಹುದು. ಬಾಯಿ ಮುಚ್ಚಿಕೊಂಡು ತಗ್ಗು ದನಿಯಲ್ಲಿ ‘ಮ್‌ಮ್‌ಮ್’ ಎನ್ನಿ. ಎರಡೂ ಕಿವಿ ಚೆನ್ನಾಗಿದ್ದರೆ ಸದ್ದು ತಲೆಯ ನಡುವೆ ಕೇಳುತ್ತದೆ. ಹಾಗೆ ಎನ್ನುತ್ತಲೇ ಒಂದು ಕಿವಿಯ ತೂತನ್ನು ಬೆರಳಿನಿಂದ ಒತ್ತಿ ಮುಚ್ಚಿ. ಸದ್ದು ಮುಚ್ಚಿದ ಕಿವಿಯ ಕಡೆಗೇ ಜಿಗಿಯುತ್ತದೆ. ಗಂಟಲಿನ ಕಂಪನ ತಲೆಬುರುಡೆಯ ಮೂಳೆಯ ಮೂಲಕ ಎರಡೂ ಒಳಕಿವಿಗೆ ಹೋಗುತ್ತದೆ. ತೂತು ಮುಚ್ಚಿದ ಕಡೆ ಅದು ಹೊರಗೆ ಸೋರದೆ ಒಳಗೇ ಉಳಿಯುವುದರಿಂದ ಜೋರಾಗುತ್ತದೆ. ಗುಗ್ಗೆ ಕಟ್ಟಿದಾಗಲೂ ಇದೇ ಆಗುವುದು, ‘ಮ್‌ಮ್‌ಮ್’ ಕೆಟ್ಟ ಕಿವಿಯಲ್ಲೇ ಹೆಚ್ಚು ಕೇಳುತ್ತದೆ. ಒಳಕಿವಿಯೋ ನರವೋ ಕೆಟ್ಟಿದ್ದರೆ ಉಲ್ಟಾ. ಆಗ ಸದ್ದು ಚೆನ್ನಾಗಿರುವ ಕಿವಿಗೆ ಸರಿಯುತ್ತದೆ.

ಕಿವಿ ಡಾಕ್ಟರು 512 ಹರ್ಟ್ಸ್‌ನ ಶ್ರುತಿಕವೆಯನ್ನು ತಟ್ಟಿ ಹಣೆಯ ನಡುವೆ ಇಟ್ಟು “ಯಾವ ಕಡೆ ಕೇಳುತ್ತೆ?” ಎನ್ನುವುದು ಇದನ್ನೇ ತಿಳಿಯಲು. ಅದರ ಹಿಂದಿನ ಸಂಗತಿಯನ್ನು 1834ರಲ್ಲಿ ವಿವರಿಸಿದವರು ಜರ್ಮನಿಯ ಅರ್ನ್ಸ್ಟ್ ಹೈನ್‌ರಿಕ್ ವೆಬರ್. ಮನೆಯ ‘ಮ್‌ಮ್‌ಮ್’ ರೋಗವನ್ನು ತೀರ್ಮಾನಿಸುವುದಿಲ್ಲ. ಆದರೆ ಕೇಳದ ಕಿವಿಯನ್ನು ಬಿಟ್ಟು ಸದ್ದು ಆಚೆ ಕಿವಿಗೆ ಸರಿದರೆ ‘ಮುಂದಿನ ವಾರ ನೋಡೋಣ’ ಎನ್ನುವ ಮಾತಿಲ್ಲ, ಅಂದೇ ಹೊರಡಬೇಕು.

ಮೂರು ದಿನಗಳ ಒಳಗೆ, ಕೇಳುವ ಶಕ್ತಿಯನ್ನು ತೋರಿಸುವ ನಕ್ಷೆಯಾದ ಆಡಿಯೋಗ್ರಾಂನಲ್ಲಿ ಒತ್ತೊತ್ತಾದ ಮೂರು ಕಂಪನಾಂಕಗಳಲ್ಲಿ ತಲಾ 30 ಡೆಸಿಬೆಲ್ ಅಥವಾ ಅದಕ್ಕಿಂತ ಹೆಚ್ಚು ಕೇಳುವ ಶಕ್ತಿ ಕುಸಿದರೆ ವೈದ್ಯರು ಅದನ್ನು ‘ಹಠಾತ್ ನರ ಕಿವುಡು’ ಎಂದು ಪರಿಗಣಿಸುತ್ತಾರೆ. ಕಾರಣ ಏನೇ ಇರಲಿ, ಸಾಮಾನ್ಯವಾಗಿ ಕೊಡುವ ಔಷಧ ಸ್ಟೀರಾಯ್ಡ್. ಮೊದಲ ಎರಡು ವಾರಗಳಲ್ಲಿ ಶುರುಮಾಡಿದರೆ ಅದರಿಂದ ಲಾಭದ ಸಾಧ್ಯತೆ ಹೆಚ್ಚು, ದಿನ ಕಳೆದಂತೆ ಕಡಿಮೆ. ಸಕ್ಕರೆ ಕಾಯಿಲೆ ಇದ್ದವರಿಗೆ ಮಾತ್ರೆಯ ಬದಲು ತಮಟೆಯ ಮೂಲಕ ಮಧ್ಯಕಿವಿಗೆ ಚುಚ್ಚುಮದ್ದು ಕೊಡುವ ದಾರಿಯೂ ಇದೆ. ಎಣ್ಣೆ ಬಿಟ್ಟುಕೊಂಡು ಕಾದ ಎರಡು ವಾರ ಎಂದರೆ ಕೈತಪ್ಪಿದ ಎರಡು ವಾರ.

ಒಂದು ಸೆಂಟಿಮೀಟರ್ ಸುರಂಗ

ಒಂದು ಕಿವಿ ಹೀಗೆ ಏಕಾಏಕಿ ಕೆಡುವುದಕ್ಕೆ ಒಮ್ಮೊಮ್ಮೆ ನರದ ಮೇಲೆ ಬೆಳೆದ ಗೆಡ್ಡೆಯೂ ಕಾರಣವಾಗುತ್ತದೆ. ಈಗ ಅದರ ವಿಷಯಕ್ಕೆ ಬರೋಣ. ಕಿವಿಯ ಹಿಂದಿನ ಮೂಳೆಯ ಒಳಗೆ, ಒಳಕಿವಿಯಿಂದ ಮಿದುಳಿನ ಕಡೆಗೆ ಒಂದು ನಾಳವಿದೆ. ಉದ್ದ ಸುಮಾರು 1 ಸೆಂಟಿಮೀಟರ್, ಅಗಲ 4ರಿಂದ 5 ಮಿಲಿಮೀಟರ್. ಗಣಿಯ ಸುರಂಗದಲ್ಲಿ ಗಾಳಿಯ ಪೈಪು, ನೀರಿನ ಪೈಪು, ಕರೆಂಟಿನ ಕೇಬಲ್ಲು ಒಂದರ ಪಕ್ಕ ಒಂದು ಒತ್ತಿಕೊಂಡು ಸಾಗುವಂತೆ ಈ ನಾಳದಲ್ಲಿ ನಾಲ್ಕು ನರಗಳು ಸಾಗುತ್ತವೆ. ಕೇಳಿಸುವ ನರ ಒಂದು, ಮೈಯ ಸಮತೋಲನದ ಸುದ್ದಿ ಒಯ್ಯುವವು ಎರಡು, ಮುಖದ ಸ್ನಾಯುಗಳನ್ನು ಆಡಿಸುವುದು ಒಂದು. ಜೊತೆಗೆ ಒಳಕಿವಿಗೆ ರಕ್ತ ಕೊಡುವ ಒಂದು ಸಣ್ಣ ಅಪಧಮನಿ. ಗೋಡೆ ಮೂಳೆಯದು, ಒಂದಿಷ್ಟೂ ಹಿಗ್ಗುವಂಥದ್ದಲ್ಲ.

ನರದ ಎಳೆಗಳಿಗೆ ಹೊದಿಕೆ ಸುತ್ತುವ ಕೋಶಗಳಿಗೆ ಶ್ವಾನ್ ಕೋಶಗಳೆಂದು ಹೆಸರು. 22ನೇ ಕ್ರೋಮೋಸೋಮಿನ ಒಂದು ಜೀನ್ ಮರ್ಲಿನ್ ಎಂಬ ಪ್ರೋಟೀನ್ ತಯಾರಿಸಿ ಇವುಗಳ ಬೆಳವಣಿಗೆಗೆ ಲಗಾಮು ಹಾಕಿರುತ್ತದೆ. ಸಮತೋಲನದ ನರದ ಮೇಲಿನ ಯಾವುದೋ ಒಂದು ಶ್ವಾನ್ ಕೋಶದಲ್ಲಿ ಆ ಜೀನಿನ ಎರಡೂ ಪ್ರತಿಗಳು ಕೆಟ್ಟರೆ ಲಗಾಮು ತಪ್ಪುತ್ತದೆ, ಕೋಶ ಇಮ್ಮಡಿಯಾಗುತ್ತ ಹೋಗುತ್ತದೆ. ಹೀಗೆ ಹುಟ್ಟುವ ಗೆಡ್ಡೆಗೆ ವೆಸ್ಟಿಬ್ಯುಲರ್ ಶ್ವಾನೋಮಾ ಎನ್ನುತ್ತಾರೆ; ಅಕೌಸ್ಟಿಕ್ ನ್ಯೂರೋಮಾ ಎಂಬ ಹಳೆಯ ಹೆಸರೂ ಆಸ್ಪತ್ರೆಗಳಲ್ಲಿ ಚಾಲ್ತಿಯಲ್ಲಿದೆ. ಇದು ಕ್ಯಾನ್ಸರ್ ಅಲ್ಲ. ಬೇರೆ ಅಂಗಕ್ಕೆ ಹಬ್ಬುವುದಿಲ್ಲ. ಬೆಳೆದರೆ ಸಾಮಾನ್ಯವಾಗಿ ವರ್ಷಕ್ಕೆ 1–2 ಮಿಲಿಮೀಟರ್; ಎಷ್ಟೋ ಗೆಡ್ಡೆಗಳು ವರ್ಷಾನುಗಟ್ಟಲೆ ಇದ್ದಷ್ಟೇ ಇರುತ್ತವೆ. ನೂರಕ್ಕೆ ತೊಂಬತ್ತೈದರಷ್ಟು ಮಂದಿಗೆ ಇದು ಒಂದೇ ಕಡೆ, ವಂಶದ ಹಂಗಿಲ್ಲದೆ ಬರುತ್ತದೆ. ಎರಡೂ ಕಡೆ ಬಂದರೆ, ಇಲ್ಲವೇ ಎಳೆ ವಯಸ್ಸಿನಲ್ಲೇ ಬಂದರೆ, ಅದೇ ಜೀನಿನ ದೋಷ ಹುಟ್ಟಿನಿಂದಲೇ ಇದೆಯೇ ಎಂದು ನೋಡಬೇಕಾಗುತ್ತದೆ.

ನಿಧಾನ ಬೆಳೆಯುವ ಗೆಡ್ಡೆ ಕಿವಿಯನ್ನು ಹಠಾತ್ತಾಗಿ ಕೆಡಿಸುವುದು ಹೇಗೆ? ಇದಕ್ಕೆ ಉತ್ತರ ಆ ಇಕ್ಕಟ್ಟಿನಲ್ಲೇ ಇದೆ. ಒಳಕಿವಿಗೆ ರಕ್ತ ತರುವ ಅಪಧಮನಿ ಅದೊಂದೇ. ಅದು ಕಟ್ಟಿಕೊಂಡರೆ ಬೇರೆ ಕಡೆಯಿಂದ ಸುತ್ತಿಬಂದು ರಕ್ತ ಒದಗಿಸುವ ಬದಲಿ ದಾರಿ ಇಲ್ಲ. ವರ್ಷಗಳ ಕಾಲ ಸ್ವಲ್ಪ ಸ್ವಲ್ಪವೇ ಒತ್ತಿಸಿಕೊಂಡು ಹೇಗೋ ಹರಿಯುತ್ತಿದ್ದ ರಕ್ತ ಒಂದು ದಿನ ನಿಂತರೆ ಕಾಕ್ಲಿಯಾ ನಿಮಿಷಗಳಲ್ಲಿ ಸೋಲುತ್ತದೆ. ಕೇಳಿಸುವ ನರವೂ ಒತ್ತಡವನ್ನು ಒಂದು ಮಿತಿಯ ತನಕ ತಾಳಿಕೊಂಡು, ಮಿತಿ ಮೀರಿದಾಗ ಸಂದೇಶ ಒಯ್ಯುವುದನ್ನು ನಿಲ್ಲಿಸಬಹುದು. ಗೆಡ್ಡೆಯಿರುವ ಕಡೆಯ ಒಳಕಿವಿಯ ದ್ರವದಲ್ಲಿ ಪ್ರೋಟೀನ್ ಹೆಚ್ಚಿರುವುದೂ ಕಂಡುಬಂದಿದೆ. ಆದ್ದರಿಂದಲೇ ಗೆಡ್ಡೆಯ ಗಾತ್ರಕ್ಕೂ ಕಿವುಡಿನ ತೀವ್ರತೆಗೂ ತಾಳೆಯಾಗುವುದಿಲ್ಲ. ನಾಳದೊಳಗಿನ ಕೆಲವೇ ಮಿಲಿಮೀಟರಿನ ಗೆಡ್ಡೆ ಕಿವಿಯನ್ನು ಪೂರ್ತಿ ಮುಚ್ಚಿಸಬಹುದು. 3 ಸೆಂಟಿಮೀಟರಿನದು ಇದ್ದೂ ಕಿವಿ ಕೇಳುತ್ತಿರಬಹುದು.

ನೂರರಲ್ಲಿ ಮೂವರು

ಇಲ್ಲಿ ಲೆಕ್ಕವನ್ನು ಎರಡೂ ಕಡೆಯಿಂದ ನೋಡಬೇಕು. ಈ ಗೆಡ್ಡೆ ಇರುವವರಲ್ಲಿ ಬಹುಪಾಲು ಜನಕ್ಕೆ ಒಂದು ಕಿವಿ ಮೆಲ್ಲಮೆಲ್ಲಗೆ ಮಂದವಾಗುತ್ತದೆ. ಹಠಾತ್ತಾಗಿ ಕೆಡುವುದು ನೂರಕ್ಕೆ 5ರಿಂದ 20 ಮಂದಿಗೆ. ಇನ್ನೊಂದು ಕಡೆಯಿಂದ, ಹಠಾತ್ ಕಿವುಡಾದ ನೂರು ಜನರನ್ನು ಸ್ಕ್ಯಾನ್ ಮಾಡಿದರೆ ಗೆಡ್ಡೆ ಸಿಗುವುದು ಸುಮಾರು ಮೂವರಲ್ಲಿ. ಉಳಿದವರಲ್ಲಿ ಹೆಚ್ಚಿನವರಿಗೆ ಖಚಿತ ಕಾರಣ ಸಿಗುವುದೇ ಇಲ್ಲ. ಹೀಗಾಗಿ ಕಿವಿ ಕೆಟ್ಟಿತೆಂದು ಗೆಡ್ಡೆಯ ಭಯದಲ್ಲಿ ರಾತ್ರಿ ನಿದ್ದೆಗೆಡುವ ಅಗತ್ಯವಿಲ್ಲ. ಆ ಮೂವರಲ್ಲಿ ತಾನಿಲ್ಲ ಎಂದು ಒಮ್ಮೆ ಖಾತ್ರಿ ಮಾಡಿಕೊಂಡರೆ ಸಾಕು.

ಅನೇಕರು ಎಡವುವುದು ಈ ಖಾತ್ರಿಯ ವಿಷಯದಲ್ಲೇ. ಸ್ಟೀರಾಯ್ಡ್ ತೆಗೆದುಕೊಂಡ ಮೇಲೆ ಕಿವಿ ಮರಳಿ ಕೇಳತೊಡಗುತ್ತದೆ. ‘ವಾಸಿಯಾಯಿತಲ್ಲ, ಇನ್ನೇಕೆ ಸ್ಕ್ಯಾನಿಗೆ ದುಡ್ಡು’ ಎನಿಸುತ್ತದೆ. ಆದರೆ ಗೆಡ್ಡೆಯಿಂದ ಕೆಟ್ಟ ಕಿವಿಯೂ ಸ್ಟೀರಾಯ್ಡಿಗೆ ಒಮ್ಮೊಮ್ಮೆ ಸುಧಾರಿಸುತ್ತದೆ, ಊತ ಇಳಿದು ನರಕ್ಕೆ ತುಸು ಜಾಗ ಸಿಕ್ಕಿದರೆ ಅಷ್ಟೇ ಸಾಕು. ಕಿವಿ ಸರಿಹೋದದ್ದು ಗೆಡ್ಡೆ ಇಲ್ಲವೆಂಬುದಕ್ಕೆ ಸಾಕ್ಷಿಯಲ್ಲ.

ಮೊದಲ ಪರೀಕ್ಷೆ ಆಡಿಯೋಮೆಟ್ರಿ. ಕೋಲಾರದ ಜಿಲ್ಲಾ ಆಸ್ಪತ್ರೆ ಅಥವಾ ತಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂಥ ಕಡೆ ಇಎನ್‌ಟಿ ವಿಭಾಗಕ್ಕೆ ಹೋದರೆ ದಾರಿ ಸಿಗುತ್ತದೆ. ಬಂಗಾರಪೇಟೆಯಿಂದ ಬೆಂಗಳೂರೂ ರೈಲಿನಲ್ಲಿ 70 ಕಿಲೋಮೀಟರ್ ಅಷ್ಟೇ. ಆಡಿಯೋಮೆಟ್ರಿಯಲ್ಲಿ ಬರೀ ‘ಕುಂಯ್’ ದನಿ ಕೇಳಿಸಿ ಬಿಡುವುದಿಲ್ಲ, ಪದಗಳನ್ನೂ ಕೇಳಿಸಿ ತಿರುಗಿ ಹೇಳಿಸುತ್ತಾರೆ. ನರಕ್ಕೆ ಪೆಟ್ಟಾಗಿದ್ದರೆ ದನಿ ಸುಮಾರಾಗಿ ಕೇಳುತ್ತಿದ್ದರೂ ಪದಗಳು ತೀರಾ ತಪ್ಪಿಹೋಗುತ್ತವೆ. ಈ ಎರಡರ ನಡುವಿನ ಅಂತರವೇ ಗೆಡ್ಡೆಯ ಒಂದು ಹಳೆಯ ಸುಳಿವು. ಕೊನೆಯ ಉತ್ತರ ಕೊಡುವುದು ಎಂಆರ್‌ಐ. ಗ್ಯಾಡೋಲಿನಿಯಂ ಎಂಬ ಧಾತುವಿರುವ ಚುಚ್ಚುಮದ್ದು ಕೊಟ್ಟು ತೆಗೆದರೆ ನಾಳದೊಳಗಿನ ಕೆಲವೇ ಮಿಲಿಮೀಟರಿನ ಗೆಡ್ಡೆಯೂ ಬೆಳ್ಳಗೆ ಎದ್ದು ಕಾಣುತ್ತದೆ. ಸಿ.ಟಿ. ಸ್ಕ್ಯಾನ್ ಅಗ್ಗ, ಬೇಗ ಸಿಗುತ್ತದೆ, ಆದರೆ ಸಣ್ಣ ಗೆಡ್ಡೆಯನ್ನು ತಪ್ಪಿಸಿಬಿಡುತ್ತದೆ. ‘ಸ್ಕ್ಯಾನ್ ಆಗಿದೆ, ಏನೂ ಇಲ್ಲವಂತೆ’ ಎನ್ನುವವರು ಯಾವ ಸ್ಕ್ಯಾನ್ ಎಂದು ಒಮ್ಮೆ ಚೀಟಿ ನೋಡಿಕೊಳ್ಳುವುದು ಒಳ್ಳೆಯದು.

ಮೊದಲ ದೂರು ಕಿವಿಯದೇ

ಇಂಥ ಗೆಡ್ಡೆಯನ್ನು ಮೊದಲು ವಿವರಿಸಿದವರು ಹಾಲೆಂಡಿನ ಲೈಡನ್ನಿನ ಎಡ್ವರ್ಡ್ ಸ್ಯಾಂಡಿಫೋರ್ಟ್, 1777ರಲ್ಲಿ, ಅದೂ ಶವವನ್ನು ಕೊಯ್ದು ನೋಡಿ. ಬದುಕಿರುವವರಲ್ಲಿ ಗುರುತಿಸಿ ತೆಗೆಯುವ ಪ್ರಯತ್ನ ಶುರುವಾದದ್ದು 19ನೇ ಶತಮಾನದ ಕೊನೆಯ ದಶಕದಲ್ಲಿ. ಕೋಲಾರದ ಚಿನ್ನದ ಸೀಮೆಯಲ್ಲಿ ಜಾನ್ ಟೇಲರ್ ಕಂಪನಿಯ ಗಣಿಗಳು ಆಳಕ್ಕೆ ಇಳಿಯುತ್ತಿದ್ದ ಕಾಲವದು. ಆಗ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹತ್ತು ಮಂದಿಯಲ್ಲಿ ಎಂಟು ಮಂದಿ ಉಳಿಯುತ್ತಿರಲಿಲ್ಲ. ಅಮೆರಿಕದ ಹಾರ್ವಿ ಕುಶಿಂಗ್ 1917ರಲ್ಲಿ ಈ ಗೆಡ್ಡೆಯ ಬಗ್ಗೆಯೇ ಒಂದು ಪುಸ್ತಕ ಬರೆದರು. ಗೆಡ್ಡೆಯನ್ನು ಪೂರ್ತಿ ಕೀಳಲು ಹೋಗದೆ ಒಳಗಿನ ತಿರುಳನ್ನಷ್ಟೇ ತೆಗೆಯುವ ಕ್ರಮದಿಂದ ಸಾವನ್ನು ನೂರಕ್ಕೆ ಇಪ್ಪತ್ತರ ಸುತ್ತಮುತ್ತ ಇಳಿಸಿದರು.

ಕುಶಿಂಗ್ ಮಾಡಿದ ಇನ್ನೊಂದು ಕೆಲಸ ನಮ್ಮ ಮಾತಿಗೆ ಹೆಚ್ಚು ಹತ್ತಿರದ್ದು. ಅವರ ಬಳಿಗೆ ರೋಗಿಗಳು ಬರುತ್ತಿದ್ದುದು ತಲೆನೋವು, ವಾಂತಿ, ಮಂಜಾದ ಕಣ್ಣು, ತೂರಾಡುವ ನಡಿಗೆ ಎಂದು ಹೇಳಿಕೊಂಡು. ಯಾವುದು ಮೊದಲು, ಯಾವುದು ಆಮೇಲೆ ಎಂದು ಸಮಾಧಾನದಿಂದ ಕೇಳುತ್ತ ಹೋದರೆ ಎಲ್ಲಕ್ಕಿಂತ ಮೊದಲು ಒಂದು ಕಿವಿ ಕೆಟ್ಟಿರುತ್ತಿತ್ತು. ಕಿವಿ ಕೆಟ್ಟ ಮೇಲೆ ನಡಿಗೆ ತಪ್ಪುವುದು, ಮುಖ ಮರಗಟ್ಟುವುದು, ಕೊನೆಗೆ ಮಿದುಳಿನ ದ್ರವ ಕಟ್ಟಿಕೊಂಡು ತಲೆನೋವು. ಮೊದಲು ಕಿವಿ ಎಂಬ ಈ ಅನುಕ್ರಮ ಇಂದಿಗೂ ಹಾಗೇ ಇದೆ. ಬದಲಾಗಿರುವುದು ಅದನ್ನು ಮೊದಲ ಮೆಟ್ಟಿಲಲ್ಲೇ ತಡೆಯುವ ಶಕ್ತಿ. 1960ರ ದಶಕದಲ್ಲಿ ಲಾಸ್ ಏಂಜಲಿಸ್‌ನ ವಿಲಿಯಂ ಹೌಸ್ ಶಸ್ತ್ರಚಿಕಿತ್ಸೆಗೆ ಸೂಕ್ಷ್ಮದರ್ಶಕ ತಂದರು. 1969ರಲ್ಲಿ ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ತಲೆಬುರುಡೆ ತೆರೆಯದೆ ವಿಕಿರಣದ ಕಿರಣಗಳನ್ನು ಗೆಡ್ಡೆಯ ಮೇಲೆ ಕೂಡಿಸುವ ಗಾಮಾ ನೈಫ್ ಬಳಸಿದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈಗ ಎರಡೂ ಬಗೆಯ ಚಿಕಿತ್ಸೆಗಳಿವೆ.

ಆದರೂ ಭಾರತದ ಆಸ್ಪತ್ರೆಗಳು ಪ್ರಕಟಿಸಿರುವ ವರದಿಗಳನ್ನು ನೋಡಿದರೆ, ಇಲ್ಲಿ ಶಸ್ತ್ರಚಿಕಿತ್ಸೆಗೆ ಬರುವ ಗೆಡ್ಡೆಗಳಲ್ಲಿ 3 ಸೆಂಟಿಮೀಟರ್ ದಾಟಿದವೇ ಬಹಳ. ಪಶ್ಚಿಮದ ದೇಶಗಳಲ್ಲಿ ಈಗ 1 ಸೆಂಟಿಮೀಟರಿನವು ಸಾಮಾನ್ಯವಾಗಿ ಸಿಗುತ್ತವೆ. ನಮ್ಮವರ ಗೆಡ್ಡೆ ಬೇಗ ಬೆಳೆಯುತ್ತದೆ ಎಂದು ಇದರ ಅರ್ಥವಲ್ಲ. ಕಿವಿ ಕೆಟ್ಟಾಗ ಸುಮ್ಮನಿದ್ದು, ನಡಿಗೆ ಕೆಟ್ಟಾಗ ಹೊರಡುತ್ತೇವೆ.

ಗಾತ್ರ ಸಣ್ಣದಿದ್ದಾಗ ಸಿಕ್ಕರೆ ಆಯ್ಕೆಗಳು ಮೂರು. ಆರು ತಿಂಗಳ ಮೇಲೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಂಆರ್‌ಐ ತೆಗೆಸಿ ಕಾದು ನೋಡುವುದು ಒಂದು. ಬೆಳೆಯುತ್ತಿದ್ದರೆ, 3 ಸೆಂಟಿಮೀಟರ್ ಒಳಗಿದ್ದರೆ, ಗಾಮಾ ನೈಫ್. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಗೆಡ್ಡೆಗಳ ಬೆಳವಣಿಗೆ ಅದರಿಂದ ನಿಲ್ಲುತ್ತದೆ. ಮಿದುಳಿನ ಕಾಂಡವನ್ನು ಒತ್ತುವಷ್ಟು ದೊಡ್ಡದಾದರೆ ಶಸ್ತ್ರಚಿಕಿತ್ಸೆಯೇ ದಾರಿ. ಗೆಡ್ಡೆ ದೊಡ್ಡದಾದಷ್ಟೂ ಮುಖದ ನರ ಅದರ ಮೈಮೇಲೆ ತೆಳ್ಳಗೆ ಹರಡಿಕೊಂಡಿರುತ್ತದೆ. ಬಿಡಿಸುವಾಗ ಪೆಟ್ಟಾದರೆ ಬಾಯಿ ಸೊಟ್ಟಗಾಗುವ, ಕಣ್ಣು ಮುಚ್ಚಲಾಗದ ಕಷ್ಟ ಬರಬಹುದು. ಹೋದ ಕಿವಿಯನ್ನು ಮರಳಿ ತರುವುದು ಈ ಮೂರರಲ್ಲಿ ಯಾವುದರ ಉದ್ದೇಶವೂ ಅಲ್ಲ. ಉಳಿದದ್ದನ್ನು ಉಳಿಸಿಕೊಳ್ಳುವುದೇ ಗುರಿ.

ಆನೆ ಯಾವ ಕಡೆ?

ಒಂದು ಕಿವಿ ಹೋದರೆ ಇನ್ನೊಂದಿದೆಯಲ್ಲ ಎನ್ನುವವರು ಕಾಮಸಮುದ್ರ ಹೋಬಳಿಯ ರಾಗಿ ಹೊಲದಲ್ಲಿ ಒಂದು ರಾತ್ರಿ ಕಾವಲು ಕೂತು ನೋಡಬೇಕು. ಮೂರು ರಾಜ್ಯಗಳು ಸೇರುವ ಈ ಗಡಿಯಲ್ಲಿ ಆಂಧ್ರ, ತಮಿಳುನಾಡುಗಳ ಕಾಡಿನಿಂದ ಆನೆಗಳು ಹೊಲಕ್ಕೆ ಇಳಿಯುತ್ತವೆ. ಕತ್ತಲಲ್ಲಿ ಕೊಂಬೆ ಮುರಿದ ಸದ್ದು ಬಂತು ಎಂದು ತಿಳಿದರಷ್ಟೇ ಸಾಲದು, ಯಾವ ಕಡೆಯಿಂದ ಬಂತೆಂದು ತಿಳಿಯಬೇಕು. ಎಡಗಡೆಯ ಸದ್ದು ಎಡಗಿವಿಗೆ ತಲುಪಿ, ಬಲಗಿವಿಗೆ ತಲುಪುವುದಕ್ಕೆ ಹಿಡಿಯುವ ಹೆಚ್ಚಿನ ಹೊತ್ತು ಒಂದು ಸೆಕೆಂಡಿನ ಸಾವಿರದ ಒಂದು ಭಾಗವೂ ಅಲ್ಲ. ಮಿದುಳು ಆ ವ್ಯತ್ಯಾಸವನ್ನು ಅಳೆದು ದಿಕ್ಕು ಹೇಳುತ್ತದೆ. ಅಳೆಯಲು ಎರಡು ಕಿವಿ ಬೇಕು. ಒಂದೇ ಕಿವಿಯವರಿಗೆ ಆನೆ, ಲಾರಿ ಹಾರನ್, ಹಳಿಯ ಮೇಲಿನ ರೈಲು ಎಲ್ಲವೂ ಒಂದೇ ಕಡೆಯಿಂದ ಬಂದಂತೆ ಕೇಳುತ್ತವೆ. ಕೆಟ್ಟ ಕಡೆಯ ಸದ್ದನ್ನು ಹಿಡಿದು ಒಳ್ಳೆಯ ಕಿವಿಗೆ ರವಾನಿಸುವ ಶ್ರವಣ ಸಾಧನಗಳಿವೆ. ಸಂತೆಯಲ್ಲೋ ಮದುವೆ ಮನೆಯಲ್ಲೋ ಅವು ನೆರವಾಗುತ್ತವೆ, ದಿಕ್ಕನ್ನು ಮಾತ್ರ ಮರಳಿಸಲಾರವು. 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಯಾರಿಗೆ ಯಾವ ಸಾಧನ ಹೊಂದುತ್ತದೆ ಎಂದು ಪರೀಕ್ಷಿಸಿ ಹೇಳುತ್ತಾರೆ.

ಕಿವಿಗೆ ಮೊಬೈಲ್ ಒತ್ತಿಕೊಂಡದ್ದರಿಂದಲೇ ಗೆಡ್ಡೆ ಬಂತೇ ಎಂಬ ಪ್ರಶ್ನೆಯೂ ಏಳುವುದುಂಟು. 13 ದೇಶಗಳಲ್ಲಿ ನಡೆದ ಇಂಟರ್‌ಫೋನ್ ಅಧ್ಯಯನ ಈ ಗೆಡ್ಡೆಯ ಬಗ್ಗೆ 2011ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮೊಬೈಲ್ ಬಳಸುವವರಿಗೆ ಒಟ್ಟಾರೆ ಅಪಾಯ ಹೆಚ್ಚಿದ್ದು ಕಂಡಿಲ್ಲ. ಹೊಸ ರೋಗಿಗಳ ಸಂಖ್ಯೆ ಲೋಕದೆಲ್ಲೆಡೆ ಏರಿದ್ದಕ್ಕೆ ದೊಡ್ಡ ಕಾರಣ ಎಂಆರ್‌ಐ ಯಂತ್ರಗಳು. ಮೊದಲು ಕಣ್ಣಿಗೆ ಬೀಳದೆ ಹೋಗುತ್ತಿದ್ದ ಗೆಡ್ಡೆಗಳು ಈಗ ಕಾಣುತ್ತಿವೆ. ಫೋನಿನಿಂದ ಇಲ್ಲಿ ಆಗುವುದು ಉಪಕಾರವೇ. ಒಂದು ಕಿವಿ ಕೆಟ್ಟಿದೆ ಎಂಬುದನ್ನು ಬಹಳ ಮಂದಿಗೆ ಮೊದಲು ತೋರಿಸಿಕೊಡುವುದು ಅದೇ.

ಆಸ್ಪತ್ರೆಯ ಸಾಲಿನಲ್ಲಿ ನಿಂತು ಡಾಕ್ಟರ ಎದುರು ಕೂತಾಗ ಸಿಗುವುದು ಎರಡೋ ಮೂರೋ ನಿಮಿಷ. ‘ಕಿವಿ ಸರಿಯಾಗಿ ಕೇಳಲ್ಲ ಸಾರ್’ ಎಂದರೆ ಡ್ರಾಪ್ಸ್ ಬರೆದುಕೊಡುವ ಸಾಧ್ಯತೆಯೇ ಹೆಚ್ಚು. ‘ಎಡಗಿವಿ ಮಾತ್ರ, ಸೋಮವಾರ ಬೆಳಿಗ್ಗೆಯಿಂದ’ ಎಂದರೆ ಅವರ ಕೈ ಶ್ರುತಿಕವೆಯ ಕಡೆ ಹೋಗುತ್ತದೆ. ಯಾವ ಕಿವಿ, ಯಾವ ದಿನ, ಜೊತೆಗೆ ತಲೆಸುತ್ತು ಮೊರೆತ ಉಂಟೇ ಎಂಬಿಷ್ಟನ್ನು ತಾವಾಗಿಯೇ ಹೇಳಬೇಕು. ಆಮೇಲೆ ಎಂಆರ್‌ಐ ಬೇಕೇ ಎಂದು ಕೇಳಬೇಕು. ಸ್ಕ್ಯಾನ್ ಆದ ನೂರರಲ್ಲಿ ತೊಂಬತ್ತೇಳು ಮಂದಿಗೆ ‘ಗೆಡ್ಡೆ ಇಲ್ಲ’ ಎಂಬ ಉತ್ತರ ಸಿಗುತ್ತದೆ, ಆ ದುಡ್ಡು ದಂಡವಾಯಿತೆಂದು ಅವರು ಕೊರಗಬೇಕಿಲ್ಲ. ಉಳಿದ ಮೂವರಿಗೆ ಗೆಡ್ಡೆ ಸಣ್ಣದಿರುವಾಗಲೇ ಸಿಗುತ್ತದೆ. ಕಾದು ನೋಡುವುದೋ, ಕಿರಣವೋ, ಕತ್ತರಿಯೋ ಎಂದು ಕೂತು ಯೋಚಿಸಲು ಅವರಿಗೆ ಆಗ ಇನ್ನೂ ಕಾಲಾವಕಾಶ ಇರುತ್ತದೆ.